ಜೀವಕೋಶಕ್ಕೂ ಬೇಕು ನೆರೆಹೊರೆ

ಅಮೆರಿಕಕ್ಕೆ ಹೋಗಿ ನೆಲೆಸಿದ ಭಾರತೀಯರ ಮನೆಗಳಲ್ಲಿ ಮಕ್ಕಳ ಮುಂದೆ ಮೂರೇ ಬಾಗಿಲುಗಳು ತೆರೆದಿರುತ್ತವೆ ಎಂಬುದು ಸಂಗೀತಾ ಭಾಟಿಯಾ ಅವರ ತಮಾಷೆ. ಡಾಕ್ಟರ್ ಆಗಬಹುದು, ಎಂಜಿನಿಯರ್ ಆಗಬಹುದು, ಅದೂ ಬೇಡವೆಂದರೆ ಸ್ವಂತ ಉದ್ಯಮ ಕಟ್ಟಬಹುದು. ನಮ್ಮ ಊರುಗಳ ಮನೆಗಳಿಗೂ ಈ ಮಾತು ದೂರದ್ದಲ್ಲ. ಪಿಯುಸಿ ಫಲಿತಾಂಶದ ವಾರದಲ್ಲಿ ಯಾವ ಬೀದಿಯಲ್ಲಿ ನಿಂತರೂ ಕೇಳಿಸುವಂಥದ್ದೇ. ಸಂಗೀತಾ ಮೂರೂ ಬಾಗಿಲುಗಳನ್ನು ಹಾದರು. ಡಾಕ್ಟರೇಟ್ ಪಡೆದರು, ವೈದ್ಯ ಪದವಿ ಪಡೆದರು, ಕಂಪನಿಗಳನ್ನೂ ಕಟ್ಟಿದರು. ಆದರೆ ಅವರ ಬದುಕಿನ ಬಹುಪಾಲು ಸಂದಿರುವುದು ಈ ಮೂರರಲ್ಲಿ ಯಾವುದಕ್ಕೂ ಪೂರ್ತಿ ಸೇರದ ಒಂದು ಕೆಲಸಕ್ಕೆ: ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವುದು, ಪ್ರಯೋಗಾಲಯ ನಡೆಸುವುದು, ಯಾರಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆಯ ಬೆನ್ನು ಹತ್ತಿ ವರ್ಷಗಟ್ಟಲೆ ಹೋಗುವುದು. ಅಂಥ ಕೆಲಸಕ್ಕೆ ಹೋಗುವ ದಾರಿ ಯಾವುದು ಎಂದು ಕೇಳುವ ವಿದ್ಯಾರ್ಥಿಗಳಿಗೆ, ಅವರಿಗಿಂತ ಹೆಚ್ಚಾಗಿ ಅವರ ತಂದೆ ತಾಯಿಗಳಿಗೆ, ಈ ಒಬ್ಬರ ದಾರಿಯನ್ನು ಅದರ ತಿರುವುಗಳ ಸಮೇತ ನೋಡುವುದು ಉಪಯೋಗವಾದೀತು.

ಸಂಗೀತಾ ಹುಟ್ಟಿದ್ದು 1968ರಲ್ಲಿ, ಬಾಸ್ಟನ್ ನಗರದಲ್ಲಿ. ತಂದೆ ಎಂಜಿನಿಯರ್. ತಾಯಿ ಭಾರತದಲ್ಲಿ ಎಂಬಿಎ ಪದವಿ ಪಡೆದ ಮೊದಮೊದಲ ಮಹಿಳೆಯರಲ್ಲಿ ಒಬ್ಬರು. ಹತ್ತನೆಯ ತರಗತಿಯಲ್ಲಿ ಮಗಳಿಗೆ ಜೀವಶಾಸ್ತ್ರ ಬಹಳ ಹಿಡಿಸಿತು. ಎಂಜಿನಿಯರ್ ತಂದೆಗೆ ಇದು ಕಿವಿಗೆ ಬಿದ್ದಾಗ ಅವರು ಮಾಡಿದ ಕೆಲಸ ಗಮನಿಸತಕ್ಕದ್ದು. ಜೀವಶಾಸ್ತ್ರವಾದರೆ ಡಾಕ್ಟರಿಕೆ ಎಂದು ತೀರ್ಮಾನಿಸಿ ಕೋಚಿಂಗಿಗೆ ಹಾಕಲಿಲ್ಲ. ಅದನ್ನು ಬಿಡು, ಗಣಿತ ಹಿಡಿ ಎಂದೂ ಹೇಳಲಿಲ್ಲ. ಎಂಐಟಿ ಎಂದು ಹೆಸರಾದ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಒಂದು ಪ್ರಯೋಗಾಲಯಕ್ಕೆ ಕರೆದುಕೊಂಡು ಹೋದರು. ಅಲ್ಲಿ ಕಿವಿಗೆ ಕೇಳಿಸದಷ್ಟು ಎತ್ತರದ ಶಬ್ದದ ಅಲೆಗಳಿಂದ, ಅಂದರೆ ಅಲ್ಟ್ರಾಸೌಂಡಿನಿಂದ, ಕ್ಯಾನ್ಸರಿಗೆ ಚಿಕಿತ್ಸೆ ಕೊಡುವ ಯಂತ್ರವೊಂದನ್ನು ತೋರಿಸುತ್ತಿದ್ದರು. ಕತ್ತಿ ಹಿಡಿಯದೆ, ಬಿಳಿ ಕೋಟು ತೊಡದೆ, ಯಂತ್ರ ಕಟ್ಟುವವನೂ ರೋಗಿಯ ನೆರವಿಗೆ ಬರಬಲ್ಲ ಎಂಬುದು ಆ ಹುಡುಗಿಗೆ ಕಣ್ಣಾರೆ ಕಂಡಿತು. ಡಾಕ್ಟರೋ ಎಂಜಿನಿಯರೋ ಎಂಬ ಪ್ರಶ್ನೆಯೇ ಸರಿಯಿಲ್ಲದಿರಬಹುದು ಎಂಬ ಅನುಮಾನ ಹುಟ್ಟಲು ಅಷ್ಟು ಸಾಕಾಯಿತು.

ಬಯೋಮೆಡಿಕಲ್ ಎಂಜಿನಿಯರಿಂಗ್ ಎಂದೊಡನೆ ನಮ್ಮಲ್ಲಿ ಆಸ್ಪತ್ರೆಯ ಯಂತ್ರಗಳನ್ನು ದುರಸ್ತಿ ಮಾಡುವ ಕಲಿಕೆ ಎಂದು ತಿಳಿಯುವವರು ಇನ್ನೂ ಇದ್ದಾರೆ. ಅದೂ ಅದರೊಳಗಿನ ಒಂದು ಕೆಲಸ, ಹಗುರವಾಗಿ ಕಾಣತಕ್ಕದ್ದಲ್ಲ. ಆದರೆ ವಿಷಯ ಅಲ್ಲಿಗೆ ಮುಗಿಯುವುದಿಲ್ಲ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ, 1943ರಲ್ಲಿ, ಹಾಲೆಂಡಿನ ವೈದ್ಯ ವಿಲೆಂ ಕೋಲ್ಫ್ ಮಾಂಸದ ಸಾಸೇಜಿಗೆ ಸುತ್ತುವ ಸೆಲೋಫೇನ್ ಕೊಳವೆಯನ್ನು ತಿರುಗುವ ಪೀಪಾಯಿಗೆ ಸುತ್ತಿ ಕೃತಕ ಮೂತ್ರಪಿಂಡ ಮಾಡಿದರು. ಇಂದು ತಾಲ್ಲೂಕು ಆಸ್ಪತ್ರೆಗಳವರೆಗೂ ಬಂದಿರುವ ಡಯಾಲಿಸಿಸ್‌ನ ಮೂಲ ಅದು. ಆಮೇಲೆ ಪೇಸ್‌ಮೇಕರ್ ಬಂತು, ಕೃತಕ ಹೃದಯ ಕವಾಟ ಬಂತು. ದೇಹದ ಭಾಗವೊಂದು ಕೆಟ್ಟರೆ ಅದರ ಕೆಲಸವನ್ನು ಬೇರೆ ವಸ್ತುವಿನಿಂದ ಮಾಡಿಸಬಹುದೆ ಎಂಬ ಆಸೆ ಈ ಶಾಸ್ತ್ರದ ನಡುಬೆನ್ನು.

ಬ್ರೌನ್ ವಿಶ್ವವಿದ್ಯಾಲಯದಲ್ಲಿ ಸಂಗೀತಾ ಓದಿದ್ದು ಇದನ್ನೇ. ಪದವಿ ತರಗತಿಯಲ್ಲಿರುವಾಗಲೇ ಕೃತಕ ಅಂಗಗಳ ಮೇಲೆ ಕೆಲಸ ಮಾಡುತ್ತಿದ್ದ ಒಂದು ಸಂಶೋಧನಾ ತಂಡಕ್ಕೆ ಸೇರಿಕೊಂಡರು. ಪಾಠಪುಸ್ತಕದಲ್ಲಿ ಎಲ್ಲವೂ ಮುಗಿದ ಕಥೆಯಂತೆ ಬರೆದಿರುತ್ತದೆ. ಪ್ರಯೋಗಾಲಯದಲ್ಲಿ ನೋಡಿದರೆ ಅರ್ಧದಷ್ಟು ಇನ್ನೂ ಯಾರಿಗೂ ತಿಳಿದಿರುವುದಿಲ್ಲ. ಈ ವ್ಯತ್ಯಾಸ ಕಂಡು ಕೆಲವರು ಬೇಸತ್ತು ಹಿಂದೆ ಸರಿಯುತ್ತಾರೆ, ಕೆಲವರಿಗೆ ಅದೇ ರುಚಿ ಹತ್ತುತ್ತದೆ. ಸಂಗೀತಾ ಎರಡನೆಯ ಗುಂಪಿನವರು. ಮುಂದೆ ಓದುವುದಾದರೆ ಇದನ್ನೇ ಎಂದು ಗಟ್ಟಿಮಾಡಿಕೊಂಡು 1990ರಲ್ಲಿ ಗೌರವದೊಂದಿಗೆ ಪದವಿ ಮುಗಿಸಿದರು.

ಹಾರ್ವರ್ಡ್ ಮತ್ತು ಎಂಐಟಿ ಜೊತೆಗೂಡಿ 1970ರಲ್ಲಿ ಆರಂಭಿಸಿದ ಒಂದು ವಿಶೇಷ ವ್ಯಾಸಂಗವಿದೆ. ವೈದ್ಯಶಾಸ್ತ್ರವನ್ನೂ ಎಂಜಿನಿಯರಿಂಗನ್ನೂ ಒಟ್ಟಿಗೆ ಕಲಿಸಿ, ಎಂ.ಡಿ. ಮತ್ತು ಪಿಎಚ್.ಡಿ. ಎರಡನ್ನೂ ಕೊಡುವ ವ್ಯವಸ್ಥೆ. ಸಂಗೀತಾ ಅವರಿಗೆ ಅಳತೆ ತೆಗೆದು ಹೊಲಿದಂತಿತ್ತು. ಅರ್ಜಿ ಹಾಕಿದರು. ಸೀಟು ಸಿಗಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಇಂಥ ಪತ್ರ ಬಂದ ದಿನ ಮನೆಗಳಲ್ಲಿ ಏನು ನಡೆಯುತ್ತದೆ ಎಂಬುದು ಓದುಗರಿಗೆ ಹೇಳಬೇಕಾಗಿಲ್ಲ. ಒಂದು ವರ್ಷ ಕೂತು ಮತ್ತೆ ಪರೀಕ್ಷೆ ಬರೆಯಲಿ ಎನ್ನುವವರು ಒಬ್ಬರು, ಸಿಕ್ಕಿದ ಕೆಲಸಕ್ಕೆ ಸೇರಲಿ ಎನ್ನುವವರು ಇನ್ನೊಬ್ಬರು. ಸಂಗೀತಾ ಅವರಿಗೆ ಅದೇ ಎಂಐಟಿಯ ಮೆಕ್ಯಾನಿಕಲ್ ಎಂಜಿನಿಯರಿಂಗ್ ಸ್ನಾತಕೋತ್ತರ ತರಗತಿಯಲ್ಲಿ ಜಾಗ ಸಿಕ್ಕಿತ್ತು. ಕೇಳಿದ್ದು ಅದಲ್ಲ, ಆದರೂ ಸೇರಿದರು. ಅಲ್ಲಿದ್ದುಕೊಂಡೇ ಮುಂದೆ ತಾವು ಬಯಸಿದ ವ್ಯಾಸಂಗಕ್ಕೂ ಪ್ರವೇಶ ಪಡೆದರು. ಪಕ್ಕದ ಬಾಗಿಲಿನಿಂದ ಒಳಗೆ ಹೋದರು ಎಂದು ಹೇಳುವುದು ಸುಲಭ. ಆದರೆ ಎಂಐಟಿಯ ಪಕ್ಕದ ಬಾಗಿಲೂ ಅಗಲವಾದದ್ದೇನಲ್ಲ ಎಂಬುದನ್ನು ಮರೆಯಬಾರದು. ಮುಖ್ಯವಾದದ್ದು ಇಷ್ಟು: ಅವರು ಹಿಡಿದುಕೊಂಡಿದ್ದು ಪದವಿಯ ಹೆಸರನ್ನಲ್ಲ, ಕೃತಕ ಅಂಗ ಎಂಬ ಪ್ರಶ್ನೆಯನ್ನು. ಆ ಪ್ರಶ್ನೆಗೆ ಹತ್ತಿರವಿದ್ದ ಯಾವ ಕೊಠಡಿಯಾದರೂ ಅವರಿಗೆ ಆಗುತ್ತಿತ್ತು.

ಅವರಿಗೆ ಮಾರ್ಗದರ್ಶಕರಾಗಿ ದೊರೆತವರು ಮೆಹ್ಮೆಟ್ ಟೋನರ್ ಮತ್ತು ಮಾರ್ಟಿನ್ ಯಾರ್ಮುಷ್. ಟೋನರ್ ತುರ್ಕಿಯ ಇಸ್ತಾಂಬುಲ್ಲಿನಲ್ಲಿ ಓದಿ ಬಂದ ಎಂಜಿನಿಯರ್. ಜೀವಕೋಶಗಳನ್ನು ಹಾಳಾಗದಂತೆ ಹೆಪ್ಪುಗಟ್ಟಿಸಿ ಇಡುವ ವಿದ್ಯೆಯಲ್ಲಿ ಪಳಗಿದವರು. ಆ ತಂಡದಲ್ಲಿ ಸಂಗೀತಾ ಅವರ ಪಾಲಿಗೆ ಬಂದದ್ದು ಯಕೃತ್ತು. ಯಕೃತ್ತು ಎಂದರೆ ಪುಸ್ತಕದ ಮಾತಾಯಿತು. ಲಿವರ್ ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಲಿವರ್ ಯಾಕೆ ಇಷ್ಟು ಕಷ್ಟ? ಹೃದಯದ ಕೆಲಸವನ್ನು ಒಂದು ಪಂಪು ಮಾಡಬಲ್ಲುದು. ಮೂತ್ರಪಿಂಡದ ಕೆಲಸದ ಮುಖ್ಯ ಭಾಗವನ್ನು ಒಂದು ಜರಡಿ ಮಾಡಬಲ್ಲುದು. ಕೋಲ್ಫ್ ಅವರ ಪೀಪಾಯಿ ಮಾಡಿದ್ದೂ ಅದನ್ನೇ. ಲಿವರ್ ಹಾಗಲ್ಲ. ಅದು ರಕ್ತಕ್ಕೆ ಬೇಕಾದ ಪ್ರೋಟೀನು ತಯಾರಿಸುತ್ತದೆ, ಸಕ್ಕರೆಯನ್ನು ಕೂಡಿಡುತ್ತದೆ, ಪಿತ್ತರಸ ಸುರಿಸುತ್ತದೆ, ನಾವು ನುಂಗಿದ ಮಾತ್ರೆಯನ್ನೂ ಕುಡಿದ ಮದ್ಯವನ್ನೂ ಒಡೆದು ಹಾಕುತ್ತದೆ. ಹೀಗೆ ಎಣಿಸುತ್ತಾ ಹೋದರೆ 500ಕ್ಕೂ ಹೆಚ್ಚು ಕೆಲಸಗಳು. ಇಷ್ಟನ್ನೂ ಮಾಡುವ ಯಂತ್ರವನ್ನು ಯಾರೂ ಕಟ್ಟಲಾರರು. ಥಾಮಸ್ ಸ್ಟಾರ್ಜಲ್ 1963ರಲ್ಲಿ ಲಿವರ್ ಕಸಿಗೆ ಮೊದಲು ಕೈಹಾಕಿ 1967ರಲ್ಲಿ ಯಶಸ್ಸು ಕಂಡರು. ಆದರೆ ಕಸಿಗೆ ಇನ್ನೊಬ್ಬರ ಲಿವರ್ ಬೇಕು. ಬೇಕಾದವರ ಸಾಲು ಯಾವಾಗಲೂ ಕೊಡುವವರ ಸಾಲಿಗಿಂತ ಉದ್ದ. ಹಾಗಾದರೆ ಉಳಿದ ದಾರಿ ಒಂದೇ: ಲಿವರಿನ ಜೀವಕೋಶಗಳನ್ನೇ ಹೊರಗೆ ಬೆಳೆಸಿ, ಅವುಗಳಿಂದಲೇ ಕೆಲಸ ಮಾಡಿಸುವುದು.

ಕೇಳಲು ಸರಳ. ಆದರೆ ಈ ಕೋಶಗಳ ಸ್ವಭಾವ ವಿಚಿತ್ರ. ದೇಹದೊಳಗೆ ಇದ್ದಾಗ ಅರ್ಧ ಲಿವರ್ ಕತ್ತರಿಸಿ ತೆಗೆದರೂ ಮತ್ತೆ ಬೆಳೆದು ತುಂಬಿಕೊಳ್ಳುವಷ್ಟು ಗಟ್ಟಿಗರು. ಹೊರತೆಗೆದು ಗಾಜಿನ ಬಟ್ಟಲಿನಲ್ಲಿಟ್ಟು ಎಷ್ಟೇ ಪೋಷಕ ದ್ರವ ಹಾಕಿದರೂ ಕೆಲವೇ ದಿನಗಳಲ್ಲಿ ತಮ್ಮ ಕಸುಬು ಮರೆಯುತ್ತವೆ. ಆಲ್ಬುಮಿನ್ ಎಂಬ ಪ್ರೋಟೀನು ತಯಾರಿಸುವುದನ್ನು ನಿಲ್ಲಿಸುತ್ತವೆ, ಆಕಾರ ಕಳೆದುಕೊಂಡು ಹರಡುತ್ತವೆ, ಸಾಯುತ್ತವೆ. ಸೋಮವಾರ ಬಿತ್ತಿದ ಬಟ್ಟಲು ಮುಂದಿನ ಸೋಮವಾರಕ್ಕೆ ಕಸದ ಬುಟ್ಟಿಗೆ. ಸಂಶೋಧನೆ ಎಂದರೆ ಸೂಕ್ಷ್ಮದರ್ಶಕದ ಮುಂದೆ ಕುಳಿತು ಹೊಸದನ್ನು ಕಂಡು ಕುಣಿದಾಡುವುದು ಎಂದು ಭಾವಿಸಿದವರಿಗೆ ಇದನ್ನು ಹೇಳಬೇಕು: ಅದರ ಬಹುಪಾಲು ದಿನಗಳು ಇಂಥ ಸೋಮವಾರಗಳೇ.

ಬೆಳಕು ಕಂಡದ್ದು ಆಸ್ಪತ್ರೆಯ ಕಡೆಯಿಂದಲ್ಲ, ಕಂಪ್ಯೂಟರ್ ಚಿಪ್ ಮಾಡುವವರ ಕಡೆಯಿಂದ. ಚಿಪ್ ತಯಾರಿಕೆಯಲ್ಲಿ ಫೋಟೊಲಿಥೊಗ್ರಫಿ ಎಂಬ ವಿಧಾನವಿದೆ. ತಟ್ಟೆಯ ಮೇಲೆ ಬೆಳಕಿಗೆ ಸ್ಪಂದಿಸುವ ಲೇಪ ಹಚ್ಚುತ್ತಾರೆ, ಅದರ ಮೇಲೆ ಕಿಂಡಿಗಳಿರುವ ಅಚ್ಚು ಹಿಡಿದು ನೇರಳಾತೀತ ಬೆಳಕು ಹಾಯಿಸುತ್ತಾರೆ, ಆಮೇಲೆ ತೊಳೆಯುತ್ತಾರೆ. ಬೆಳಕು ಬಿದ್ದ ಕಡೆ ಒಂದು ರೀತಿ, ಬೀಳದ ಕಡೆ ಇನ್ನೊಂದು ರೀತಿ ಉಳಿಯುತ್ತದೆ. ನಮ್ಮ ಹೆಣ್ಣುಮಕ್ಕಳು ತೂತಿನ ಅಚ್ಚನ್ನು ನೆಲದ ಮೇಲಿಟ್ಟು ರಂಗೋಲಿ ಪುಡಿ ಉದುರಿಸುವುದಿಲ್ಲವೆ, ತತ್ವ ಹೆಚ್ಚು ಕಡಿಮೆ ಅದೇ. ಆದರೆ ಇಲ್ಲಿನ ಗೆರೆಗಳು ಕೂದಲೆಳೆಗಿಂತ ತೆಳು. ಚಿಪ್ಪಿನಲ್ಲಿ ತಂತಿ ಎಳೆಯಲು ಬಳಸುವ ಈ ವಿದ್ಯೆಯಿಂದ ಜೀವಕೋಶಗಳಿಗೆ ಮನೆ ಕಟ್ಟಿಕೊಟ್ಟರೆ ಹೇಗೆ? ಸಂಗೀತಾ ಗಾಜಿನ ತಟ್ಟೆಯ ಮೇಲೆ ಕೊಲಾಜೆನ್ ಎಂಬ ಅಂಟು ಪ್ರೋಟೀನಿನ ಪುಟ್ಟ ಪುಟ್ಟ ದ್ವೀಪಗಳನ್ನು ಮಾಡಿದರು. ಇಲಿಯ ಲಿವರ್ ಕೋಶಗಳು ಆ ದ್ವೀಪಗಳ ಮೇಲೆ ಮಾತ್ರ ಕುಳಿತವು.

ಸಾಲಾಗಿ ಕುಳಿತವು ನಿಜ, ಆದರೆ ಒಂಟಿಯಾಗಿದ್ದರೆ ಉಳಿಯುವುದಿಲ್ಲ. ಅವುಗಳಿಗೆ ನೆರೆಹೊರೆ ಬೇಕಿತ್ತು. ಲಿವರ್ ಕೋಶಗಳ ಜೊತೆ ಬೇರೆ ಜಾತಿಯ ಕೋಶಗಳನ್ನು ಬೆರೆಸಿದರೆ ಹೆಚ್ಚು ದಿನ ಬದುಕುತ್ತವೆ ಎಂಬುದನ್ನು ಫ್ರಾನ್ಸಿನ ಸಂಶೋಧಕರು 1983ರಲ್ಲೇ ತೋರಿಸಿದ್ದರು. ಸಂಗೀತಾ ಆ ಹಳೆಯ ತಿಳಿವಳಿಕೆಯನ್ನೂ ಚಿಪ್ಪಿನವರ ಅಚ್ಚನ್ನೂ ಕೂಡಿಸಿದರು. ದ್ವೀಪಗಳ ನಡುವೆ ಖಾಲಿ ಉಳಿದ ಜಾಗದಲ್ಲಿ ಫೈಬ್ರೊಬ್ಲಾಸ್ಟ್ ಎಂಬ ಆಸರೆ ಕೋಶಗಳನ್ನು ತುಂಬಿದರು. ಹಿಂದೆ ಎಲ್ಲವನ್ನೂ ಕಲಸಿ ಹಾಕುತ್ತಿದ್ದರು. ಯಾವುದರ ಪಕ್ಕ ಯಾವುದಿದೆ ಎಂದು ಹೇಳುವಂತಿರಲಿಲ್ಲ. ಈಗ ಯಾರ ಪಕ್ಕ ಯಾರು ಎಂಬುದು ಎಂಜಿನಿಯರ್ ಕೈಯಲ್ಲಿತ್ತು. ಕೂದಲೆಳೆಗಿಂತ ಕಿರಿದಾದ ದ್ವೀಪದಿಂದ ಬೆರಳಗಲದ ದ್ವೀಪದವರೆಗೆ ಅಳತೆ ಬದಲಿಸಿ ಬದಲಿಸಿ ನೋಡಿದರು. ಕಂಡದ್ದು ಇದು: ದ್ವೀಪದ ಅಂಚಿನಲ್ಲಿದ್ದು ಆಸರೆ ಕೋಶಗಳಿಗೆ ತಾಗಿಕೊಂಡಿದ್ದ ಲಿವರ್ ಕೋಶಗಳು ತಮ್ಮ ಕಸುಬನ್ನು ಉಳಿಸಿಕೊಂಡವು, ನಡುವೆ ದೂರದಲ್ಲಿದ್ದವು ಬೇಗ ಮಂಕಾದವು. ಬಟ್ಟಲಿನಲ್ಲಿ ಲಿವರ್ ಕೋಶ ದಿನಗಳ ಬದಲು ವಾರಗಟ್ಟಲೆ ದುಡಿಯಿತು. 1997ರಿಂದ 1999ರವರೆಗೆ ಈ ಕೆಲಸದ ಲೇಖನಗಳು ಪ್ರಕಟವಾದವು.

ಇದರಲ್ಲಿ ಯಾವ ತುಣುಕೂ ಪೂರ್ತಿ ಹೊಸದಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಕೋಶಗಳ ಸಹವಾಸ ಫ್ರಾನ್ಸಿನವರದು, ಅಚ್ಚು ಚಿಪ್ ತಯಾರಕರದು, ಲಿವರ್ ಕೋಶ ಕಾಪಾಡುವ ಅನುಭವ ಗುರುಗಳದು. ಹೊಸತಿದ್ದದ್ದು ಈ ಮೂರನ್ನು ಒಂದೇ ತಟ್ಟೆಯ ಮೇಲೆ ತಂದದ್ದರಲ್ಲಿ. ಸಂಶೋಧಕರಾಗಲು ಹುಟ್ಟಾ ಪ್ರತಿಭೆ ಬೇಕು, ನಮ್ಮ ಮಕ್ಕಳಿಗೆ ಎಲ್ಲಿಂದ ಬರಬೇಕು ಎನ್ನುವವರು ಈ ತಟ್ಟೆಯನ್ನೊಮ್ಮೆ ನೋಡುವುದು ಒಳ್ಳೆಯದು. ಅದೇ ರೀತಿ, ಮೆಕ್ಯಾನಿಕಲ್ ವಿಭಾಗಕ್ಕೆ ಹೋಗಬೇಕಾಗಿ ಬಂದದ್ದು ನಷ್ಟವೇ ಆಯಿತೆ ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬಹುದು.

ವಿದ್ಯಾರ್ಥಿನಿಯಾಗಿದ್ದಾಗಲೇ ಅವರು ಇನ್ನೊಂದು ಕೆಲಸ ಮಾಡಿದರು. ವರ್ಷ ಕಳೆದಂತೆ ಎಂಜಿನಿಯರಿಂಗ್ ತರಗತಿಗಳಲ್ಲಿ ಹುಡುಗಿಯರು ವಿರಳವಾಗುವುದು ಅವರ ಕಣ್ಣಿಗೆ ಬಿದ್ದಿತ್ತು. ಗೆಳತಿಯರೊಂದಿಗೆ ಸೇರಿ, ಮಾಧ್ಯಮಿಕ ಶಾಲೆಯ ಹುಡುಗಿಯರನ್ನು ಎಂಐಟಿಯ ಪ್ರಯೋಗಾಲಯಗಳಿಗೆ ಕರೆತಂದು ಕೈಯಾರೆ ಪ್ರಯೋಗ ಮಾಡಿಸುವ ಕಾರ್ಯಕ್ರಮ ಆರಂಭಿಸಿದರು. ಅದರ ಹೆಸರು ಕೀಸ್. ಹನ್ನೊಂದರಿಂದ ಹದಿಮೂರು ವಯಸ್ಸಿನ ಹುಡುಗಿಯರಿಗೇ ಯಾಕೆ ಎಂದರೆ, ಗಣಿತ ವಿಜ್ಞಾನ ನಮಗಲ್ಲ ಎಂಬ ಮಾತು ಅವರ ಕಿವಿಗೆ ಬೀಳತೊಡಗುವುದು ಆ ವಯಸ್ಸಿನಲ್ಲೇ.

ಇನ್ನು ತಂದೆ ತಾಯಿಗಳ ಮನಸ್ಸಿನಲ್ಲಿರುವ ಲೆಕ್ಕ. ಸಂಗೀತಾ ಪದವಿ ಮುಗಿಸಿದ್ದು 1990ರಲ್ಲಿ, ಪಿಎಚ್.ಡಿ. ಬಂದದ್ದು 1997ರಲ್ಲಿ, ಎಂ.ಡಿ. ಬಂದದ್ದು 1999ರಲ್ಲಿ. ಒಂಬತ್ತು ವರ್ಷ! ಜೊತೆಯಲ್ಲಿ ಓದಿದವರು ಅಷ್ಟರಲ್ಲಿ ಮನೆ ಕಟ್ಟಿ ಕಾರು ಕೊಂಡಿರುತ್ತಾರೆ. ಮದುವೆ ಮುಂಜಿಗಳಲ್ಲಿ ಮಗಳು ಏನು ಮಾಡುತ್ತಿದ್ದಾಳೆ ಎಂದು ಕೇಳಿದವರಿಗೆ ಇನ್ನೂ ಓದುತ್ತಿದ್ದಾಳೆ ಎಂದು ವರ್ಷ ವರ್ಷವೂ ಹೇಳಬೇಕಾಗುತ್ತದೆ. ಇದು ಸಣ್ಣ ಕಷ್ಟವಲ್ಲ. ಅದನ್ನು ಮುಚ್ಚಿಟ್ಟು ಮಕ್ಕಳನ್ನು ಈ ದಾರಿಗೆ ಹುರಿದುಂಬಿಸುವುದು ಸರಿಯಲ್ಲ. ಆದರೆ ಒಂದು ತಪ್ಪು ತಿಳಿವಳಿಕೆ ಹೋಗಬೇಕು. ಪಿಎಚ್.ಡಿ. ಎಂದರೆ ಮನೆಯವರು ಇನ್ನೂ ಐದಾರು ವರ್ಷ ಫೀಸು ಕಟ್ಟುವುದಲ್ಲ. ಅಮೆರಿಕದ ಒಳ್ಳೆಯ ವಿಶ್ವವಿದ್ಯಾಲಯಗಳಲ್ಲಿ ಎಂಜಿನಿಯರಿಂಗ್ ಸಂಶೋಧನಾ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಶುಲ್ಕ ಮನ್ನಾ ಆಗಿ ತಿಂಗಳ ವೇತನವೂ ಬರುತ್ತದೆ. ನಮ್ಮಲ್ಲಿ ಕೇಂದ್ರ ಸರ್ಕಾರ 2023ರಲ್ಲಿ ಕಿರಿಯ ಸಂಶೋಧನಾ ಫೆಲೋಗಳ ಶಿಷ್ಯವೇತನವನ್ನು ತಿಂಗಳಿಗೆ 31,000ದಿಂದ 37,000 ರೂಪಾಯಿಗೆ, ಹಿರಿಯರದನ್ನು 35,000ದಿಂದ 42,000 ರೂಪಾಯಿಗೆ ಏರಿಸಿತು. ಸಾಫ್ಟ್‌ವೇರ್ ಸಂಬಳದ ಮುಂದೆ ಇದು ಹೆಚ್ಚೇನಲ್ಲ, ಆದರೆ ಹೊಟ್ಟೆಗೆ ತೊಂದರೆಯಿಲ್ಲ. ಕಲಿಯುವ ಜಾಗಗಳೂ ಇವೆ: ದೆಹಲಿಯ ಐಐಟಿ ಮತ್ತು ಏಮ್ಸ್ ಸೇರಿ 1971ರಷ್ಟು ಹಿಂದೆಯೇ ಬಯೋಮೆಡಿಕಲ್ ಎಂಜಿನಿಯರಿಂಗ್ ಕೇಂದ್ರ ತೆರೆದವು; ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವವಿಜ್ಞಾನ ಮತ್ತು ಎಂಜಿನಿಯರಿಂಗನ್ನು ಒಟ್ಟಿಗೆ ತರುವ ಕೇಂದ್ರ 2015ರಲ್ಲಿ ಆರಂಭವಾಯಿತು.

ಎರಡು ಪದವಿಗಳ ನಡುವೆಯೇ ಸಂಗೀತಾ ಅವರ ಬದುಕಿನ ದೊಡ್ಡ ಆಯ್ಕೆ ಬಂತು. ವೈದ್ಯ ಪದವಿ ಇನ್ನೂ ಕೈಸೇರುವ ಮುಂಚೆಯೇ, 1998ರಲ್ಲಿ, ಅವರು ಸ್ಯಾನ್ ಡಿಯೇಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕಿಯಾದರು. ಮರುವರ್ಷ ಎಂ.ಡಿ.ಯೂ ಬಂತು. ರೋಗಿಯ ಹಾಸಿಗೆಯ ಪಕ್ಕ ನಿಲ್ಲುವ ಅರ್ಹತೆ ಇದ್ದೂ ಪ್ರಯೋಗಾಲಯವನ್ನೇ ಆರಿಸಿಕೊಳ್ಳುವುದೆಂದರೆ, ಇವತ್ತು ಒಬ್ಬನಿಗೆ ಗುಣವಾಗುವುದನ್ನು ಕಣ್ಣಾರೆ ಕಾಣುವ ಸುಖವನ್ನು ಬಿಟ್ಟು, ಎಂದೋ ಅನೇಕರಿಗೆ ಗುಣವಾದೀತೆಂಬ ಭರವಸೆಯ ಮೇಲೆ ದಿನ ದೂಡುವುದು. ಆ ಭರವಸೆ ಫಲಿಸುತ್ತದೆಂದು ಯಾರೂ ಬರೆದುಕೊಡುವುದಿಲ್ಲ.

ಪ್ರಾಧ್ಯಾಪಕರ ಕೆಲಸ ಹೊರಗಿನಿಂದ ಕಾಣುವಷ್ಟು ನೆಮ್ಮದಿಯದೂ ಅಲ್ಲ. ತರಗತಿ ತೆಗೆದುಕೊಳ್ಳಬೇಕು, ಸಂಶೋಧನೆಗೆ ಹಣ ಕೇಳಿ ಅರ್ಜಿ ಬರೆಯಬೇಕು, ಅರ್ಜಿ ತಿರಸ್ಕೃತವಾದರೆ ತಿದ್ದಿ ಮತ್ತೆ ಬರೆಯಬೇಕು, ವಿದ್ಯಾರ್ಥಿಗಳ ಸೋತ ಸೋಮವಾರಗಳನ್ನು ತಮ್ಮದೆಂದೇ ಹೊರಬೇಕು. ಸ್ಯಾನ್ ಡಿಯೇಗೋದಲ್ಲಿ 2001ರಲ್ಲಿ ಅವರಿಗೆ ವರ್ಷದ ಅಧ್ಯಾಪಕಿ ಎಂಬ ಮನ್ನಣೆ ಸಿಕ್ಕಿತು. ಬರ್ನ್‌ಹಾರ್ಡ್ ಪಾಲ್ಸನ್ ಅವರೊಂದಿಗೆ ಅಂಗಾಂಶ ಎಂಜಿನಿಯರಿಂಗ್ ಕುರಿತು ಪದವಿ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕವನ್ನೂ ಬರೆದರು. 2005ರಲ್ಲಿ ಎಂಐಟಿಗೆ ಪ್ರಾಧ್ಯಾಪಕಿಯಾಗಿ ಮರಳಿದರು. ಒಮ್ಮೆ ತಮಗೆ ಸೀಟು ಕೊಡದಿದ್ದ ಆ ಜಂಟಿ ವ್ಯಾಸಂಗದಲ್ಲಿ ಈಗ ಅವರೇ ಪಾಠ ಹೇಳುವವರು. ಮುಂದೆ ಸಾಲಾಗಿ ಬಂದ ಪ್ರಶಸ್ತಿಗಳ ಪಟ್ಟಿ ಇಲ್ಲಿ ಬೇಡ. 2014ರ ಲೆಮೆಲ್ಸನ್ ಬಹುಮಾನದ ಮೊತ್ತವೇ 5 ಲಕ್ಷ ಡಾಲರ್ ಎಂದರೆ ಸಾಕು.

ಅದಕ್ಕಿಂತ ಹೇಳಬೇಕಾದದ್ದು ಆ ತಟ್ಟೆಯ ಮುಂದಿನ ಕಥೆ. ಇಲಿಯ ಕೋಶಗಳ ಜಾಗದಲ್ಲಿ ಮನುಷ್ಯರ ಲಿವರ್ ಕೋಶಗಳನ್ನು ಕೂರಿಸುವ ಕೆಲಸ ಅವರ ವಿದ್ಯಾರ್ಥಿ ಸಲ್ಮಾನ್ ಖೇತಾನಿ ಅವರದು. ಅರ್ಧ ಮಿಲಿಮೀಟರ್ ಅಗಲದ ದ್ವೀಪಗಳಲ್ಲಿ ಕೋಶಗಳು ಹಲವು ವಾರ ಚೆನ್ನಾಗಿ ದುಡಿದವು. 2008ರಲ್ಲಿ ಅದು ಪ್ರಕಟವಾಯಿತು. ಇದರಿಂದ ಯಾರಿಗೇನು ಉಪಯೋಗ? 1993ರಲ್ಲಿ ಅಮೆರಿಕದಲ್ಲಿ ಹೆಪಟೈಟಿಸ್-ಬಿ ಕಾಯಿಲೆಗೆಂದು ಫಿಯಾಲುರಿಡಿನ್ ಎಂಬ ಔಷಧವನ್ನು 15 ಮಂದಿಯ ಮೇಲೆ ಪರೀಕ್ಷಿಸುತ್ತಿದ್ದರು. ಪ್ರಾಣಿಗಳಲ್ಲಿ ಅದು ಅಪಾಯದ ಸುಳಿವು ಕೊಟ್ಟಿರಲಿಲ್ಲ. ಪರೀಕ್ಷೆಗೆ ಒಳಗಾದವರಲ್ಲಿ 7 ಮಂದಿಯ ಲಿವರ್ ಕೆಟ್ಟು, 5 ಮಂದಿ ತೀರಿಕೊಂಡರು. ಇಬ್ಬರು ಲಿವರ್ ಕಸಿಯಿಂದ ಉಳಿದರು. ಇಲಿಯ ಲಿವರ್ ಬೇರೆ, ಮನುಷ್ಯನ ಲಿವರ್ ಬೇರೆ. ಹೊಸ ಔಷಧವನ್ನು ಮನುಷ್ಯನಿಗೆ ಕೊಡುವ ಮೊದಲು ಮನುಷ್ಯನ ಲಿವರ್ ಕೋಶಕ್ಕೇ ಕೊಟ್ಟು ನೋಡುವಂತಾದರೆ ಇಂಥ ಸಾವುಗಳನ್ನು ತಡೆಯುವ ದಾರಿ ತೆರೆಯುತ್ತದೆ. ಇದಕ್ಕಾಗಿಯೇ ಹೆಪ್ರೆಜೆನ್ ಎಂಬ ಕಂಪನಿ ಹುಟ್ಟಿತು. ಮೂರನೆಯ ಬಾಗಿಲೂ ತೆರೆದದ್ದು ಹೀಗೆ. ಖೇತಾನಿ ಮುಂದೆ ಷಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ಇನ್ನೊಂದು ಉಪಯೋಗ ನಮಗೆ ಹೆಚ್ಚು ಹತ್ತಿರದ್ದು. ಸೊಳ್ಳೆ ಕಚ್ಚಿದಾಗ ಒಳಹೊಕ್ಕ ಮಲೇರಿಯಾ ಪರಾವಲಂಬಿ ಮೊದಲು ಹೋಗಿ ಸೇರುವುದು ಲಿವರನ್ನು. ವೈವಾಕ್ಸ್ ಎಂಬ ಬಗೆಯದಂತೂ ಅಲ್ಲಿ ತಿಂಗಳುಗಟ್ಟಲೆ ನಿದ್ದೆ ಹೊಡೆದು, ಗುಣವಾಯಿತೆಂದುಕೊಂಡವನಿಗೆ ಮತ್ತೆ ಜ್ವರ ಬರಿಸುತ್ತದೆ. ಬಹುಕಾಲ ರಾಜ್ಯದ ಮಲೇರಿಯಾ ಪ್ರಕರಣಗಳಲ್ಲಿ ದೊಡ್ಡ ಪಾಲು ಹೊತ್ತ ಮಂಗಳೂರಿನವರಿಗೆ ಈ ಮರುಕಳಿಸುವ ಚಳಿಜ್ವರದ ಪರಿಚಯ ಚೆನ್ನಾಗಿದೆ. ಮಲಗಿರುವ ಆ ಪರಾವಲಂಬಿಯನ್ನು ಕೊಲ್ಲುವ ಔಷಧ ಹುಡುಕಬೇಕಾದರೆ ಅದನ್ನು ಮೊದಲು ಬಟ್ಟಲಿನಲ್ಲಿ ಸಾಕಬೇಕು. ಸಾಕಲು ವಾರಗಟ್ಟಲೆ ಬದುಕುವ ಮನುಷ್ಯನ ಲಿವರ್ ಕೋಶ ಬೇಕು. ಸಂಗೀತಾ ಅವರ ತಂಡ 2013ರಲ್ಲಿ ಅದೇ ತಟ್ಟೆಯ ಮೇಲೆ ಮಲೇರಿಯಾದ ಲಿವರ್ ಹಂತವನ್ನು ಬೆಳೆಸಿ ತೋರಿಸಿತು. ಕಂಪ್ಯೂಟರ್ ಚಿಪ್ಪಿನಿಂದ ಸೊಳ್ಳೆಯ ಜ್ವರದವರೆಗೆ! 1990ರಲ್ಲಿ ಇದನ್ನು ಯಾರಾದರೂ ಯೋಜನೆ ಹಾಕಿ ಬರೆದಿದ್ದರೆ ನಗೆಪಾಟಲಾಗುತ್ತಿತ್ತು.

ಕ್ಯಾನ್ಸರನ್ನು ಬೇಗ ಪತ್ತೆ ಹಚ್ಚುವುದು ಅವರ ಪ್ರಯೋಗಾಲಯದ ಇನ್ನೊಂದು ಶಾಖೆ. ಅತಿಸೂಕ್ಷ್ಮ ಕಣಗಳನ್ನು ದೇಹದೊಳಕ್ಕೆ ಕಳಿಸಿದರೆ ಗಡ್ಡೆಯ ಸುತ್ತಲಿನ ಕಿಣ್ವಗಳು ಅವುಗಳಿಂದ ಒಂದು ತುಣುಕನ್ನು ಕತ್ತರಿಸುತ್ತವೆ, ಆ ತುಣುಕು ಮೂತ್ರದಲ್ಲಿ ಬರುತ್ತದೆ, ಕಾಗದದ ಪಟ್ಟಿಯೊಂದು ಅದನ್ನು ತೋರಿಸುತ್ತದೆ. 2024ರಲ್ಲಿ ಉಸಿರಿನ ಮೂಲಕ ಎಳೆದುಕೊಳ್ಳುವ ಕಣಗಳಿಂದ ಶ್ವಾಸಕೋಶದ ಕ್ಯಾನ್ಸರ್ ಪತ್ತೆ ಮಾಡುವ ಪ್ರಯೋಗವನ್ನು ಇಲಿಗಳಲ್ಲಿ ಮಾಡಿ ಪ್ರಕಟಿಸಿದರು. ದೊಡ್ಡ ಸ್ಕ್ಯಾನ್ ಯಂತ್ರಗಳಿಲ್ಲದ ಊರುಗಳಲ್ಲೂ ನಡೆಯಬೇಕೆಂಬುದು ಅದರ ಹಿಂದಿನ ಆಸೆ. ಮನುಷ್ಯರಿಗೆ ತಲುಪಲು ಇನ್ನೂ ದೂರವಿದೆ.

ಆದರೆ ಮೊದಲ ಪ್ರಶ್ನೆ ಏನಾಯಿತು? ವಿದ್ಯಾರ್ಥಿನಿಯಾಗಿದ್ದಾಗ ಸಂಗೀತಾ ಹೊರಟಿದ್ದು ಔಷಧ ಪರೀಕ್ಷೆಗಲ್ಲ, ಮಲೇರಿಯಾಕ್ಕಲ್ಲ. ಲಿವರ್ ಕೆಟ್ಟವನಿಗೆ ಹೊಸ ಲಿವರ್ ಕಟ್ಟಿಕೊಡಲು. ಮೂವತ್ತು ವರ್ಷಗಳ ಮೇಲಾದರೂ ಅದು ಆಗಿಲ್ಲ. 2017ರಲ್ಲಿ ಅವರ ತಂಡ ಅದರ ಕಡೆ ಒಂದು ಹೆಜ್ಜೆ ಇಟ್ಟಿತು. ಲಿವರ್ ಕೋಶ, ಆಸರೆ ಕೋಶ, ಅವುಗಳ ಜೊತೆಗೆ ರಕ್ತನಾಳದ ಕೋಶ, ಹೀಗೆ ಮೂವರು ನೆರೆಯವರನ್ನು ಗೊತ್ತಾದ ಮಾದರಿಯಲ್ಲಿ ಜೋಡಿಸಿ, ಬೀಜದಂಥ ಪುಟ್ಟ ತುಣುಕು ಮಾಡಿ, ಲಿವರ್ ಕೆಟ್ಟ ಇಲಿಯ ದೇಹದೊಳಗೆ ನೆಟ್ಟರು. ಅದು ಅಲ್ಲಿ ರಕ್ತ ಹರಿಸಿಕೊಂಡು 50 ಪಟ್ಟು ಬೆಳೆಯಿತು. ಆ ಕೆಲಸದಲ್ಲಿ ಮುಂದಿದ್ದ ಕೆಲ್ಲಿ ಸ್ಟೀವನ್ಸ್ ಸಂಗೀತಾ ಅವರ ಬಳಿ ಕಲಿತವರು. ಮುಂದೆ ಅವರು ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಸ್ವಂತ ಪ್ರಯೋಗಾಲಯ ಕಟ್ಟಿ, ತಮ್ಮದೇ ವಿದ್ಯಾರ್ಥಿಗಳೊಂದಿಗೆ ಅದೇ ಪ್ರಶ್ನೆಯನ್ನು ಹಿಡಿದರು. ಇಲಿಯೊಳಗೆ ಬೆಳೆದ ಆ ತುಣುಕಿಗೂ ಮನುಷ್ಯನ ಸುಮಾರು ಒಂದೂವರೆ ಕಿಲೋ ತೂಕದ ಲಿವರಿಗೂ ನಡುವೆ ಎಷ್ಟು ಅಂತರ ಎಂಬುದು ಅವರಿಗೆಲ್ಲ ಗೊತ್ತು.